ಉಡುಗೊರೆ ಕೊಟ್ಟ ಈಳಿಗೆಮಣೆ ಸಿಲಿಂಡರ್ ಹಿಂದೆ ಸೇರಿದ್ದೇಕೆ? ಕೈಯಾರೆ ಮಾಡಿದ ಅಲಗಿನ ದೋಷ ಹುಡುಕುವ ಬಗೆ

ಚಿಕ್ಕಮ್ಮನ ಹೊಸಮನೆ ಗೃಹಪ್ರವೇಶಕ್ಕೆ ನಾನೇ ಮಾಡಿದ ಈಳಿಗೆಮಣೆ ಕೊಟ್ಟಿದ್ದೆ. ಹಲಸಿನ ಮಣೆ, ಲಾರಿಯ ಕಮಾನ್ ಪಟ್ಟಿ ಕಾಯಿಸಿ ತಟ್ಟಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಎಂಟು ತಿಂಗಳು ಬಿಟ್ಟು ಹೋದಾಗ ಅದು ಗ್ಯಾಸ್ ಸಿಲಿಂಡರ್ ಹಿಂದೆ ಗೋಡೆಗೆ ಒರಗಿ ನಿಂತಿತ್ತು, ಮೇಲೊಂದು ಹಳೇ ಟವೆಲ್ ಹೊದ್ದುಕೊಂಡು. ಚಿಕ್ಕಮ್ಮ ಸ್ಲ್ಯಾಬ್ ಮುಂದೆ ನಿಂತು ಪ್ಲಾಸ್ಟಿಕ್ ಹಿಡಿಯ ಚಾಕುವಿನಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದರು.

"ಯಾಕೆ ಚಿಕ್ಕಮ್ಮ, ಅದು ಸರಿ ಇಲ್ವಾ?"

"ಅಯ್ಯೋ, ಚೆನ್ನಾಗಿದೆ ಕಣೋ. ನೀನು ಕೈಯಾರೆ ಮಾಡಿಕೊಟ್ಟಿದ್ದಲ್ವಾ, ಹಬ್ಬ ಹರಿದಿನಕ್ಕೆ ಅಂತ ಎತ್ತಿಟ್ಟಿದೀನಿ."

ದುಡ್ಡು ಕೊಟ್ಟು ತಂದ ಚಾಕು ಕೆಟ್ಟರೆ ಜನ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುತ್ತಾರೆ. ಉಡುಗೊರೆ ಕೆಟ್ಟರೆ ಎತ್ತಿಡುತ್ತಾರೆ. ಹಾಗಾಗಿ ನಮ್ಮ ಕೆಲಸದಲ್ಲಿ ದೂರು ಬರಲಿ ಅಂತ ಕಾಯುತ್ತ ಕೂರುವ ಹಾಗಿಲ್ಲ, ಕೊಟ್ಟವರ ಅಡುಗೆಮನೆಗೆ ನಾವೇ ಹೋಗಿ ಇಣುಕಬೇಕು. ಅವತ್ತು ಒಂದು ಟೊಮೆಟೊ ಇಸಕೊಂಡು ಮಣೆ ಮೇಲೆ ಕೂತೆ. ಅಲಗಿನ ಬುಡದಲ್ಲಿ ಚೆನ್ನಾಗಿಯೇ ಕೊಯ್ಯಿತು. ನಡುವೆ ಬಂದಾಗ ಸಿಪ್ಪೆ ಮೇಲೆ ಜಾರಿತು. ಒತ್ತಿದರೆ ಅಲಗು ಎಡಕ್ಕೆ ವಾಲಿತು. ಕಾಯಿ ತುರಿದು ನೋಡಿದರೆ ಬಿಳಿ ತುರಿಯ ಜೊತೆ ಕಂದು ಸಿಪ್ಪೆಯೂ ಉದುರಿತು. ಒಂದಲ್ಲ, ಮೂರು ದೋಷ. ಕಟ್ಟಿಕೊಂಡು ಊರಿಗೆ ತಂದೆ.

ಆ ಮೂರನ್ನೂ, ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಆದ ಇನ್ನಷ್ಟನ್ನೂ ಇಟ್ಟುಕೊಂಡು ಬರೆದ ಟಿಪ್ಪಣಿ ಇದು. ಮನೆಯ ಹಿಂದೆ ಒಂದು ಸಣ್ಣ ಕುಲುಮೆ, ಒಂದು ಗ್ರೈಂಡರು, ಭಾನುವಾರದ ಬಿಡುವು ಇಟ್ಟುಕೊಂಡು ನೆಂಟರಿಷ್ಟರಿಗೆ ಚಾಕು, ಕತ್ತಿ, ಈಳಿಗೆಮಣೆ ಮಾಡಿ ಕೊಡುವವರಿಗೆ.

ಹಿಂದಿನಿಂದ ಮುಂದಕ್ಕೆ ಹೋಗಿ

ಮಾಡುವಾಗ ನಾವು ಹೋಗುವ ದಾರಿ ಹೀಗೆ: ಉಕ್ಕು ಆರಿಸುವುದು, ಕಾಯಿಸಿ ತಟ್ಟುವುದು, ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವುದು, ಓವನ್ನಿನಲ್ಲಿಟ್ಟು ಅತಿ ಗಡಸನ್ನು ಒಂದಿಷ್ಟು ಇಳಿಸಿ ಹದ ತರುವುದು, ಗ್ರೈಂಡರಿನಲ್ಲಿ ಸಾಣೆ ಹಿಡಿಯುವುದು, ಕೊನೆಗೆ ಕಲ್ಲಿನ ಮೇಲೆ ಮಸೆಯುವುದು. ದೋಷ ಹುಡುಕುವಾಗ ಇದನ್ನೇ ತಿರುಗಿಸಬೇಕು. ಮೊದಲು ಮಸೆತ, ಆಮೇಲೆ ಸಾಣೆ, ಆಮೇಲೆ ಹದ, ಎಲ್ಲಕ್ಕಿಂತ ಕೊನೆಗೆ ಉಕ್ಕು. ಕಾರಣ ಸರಳ. ಮಸೆತದ ತಪ್ಪು ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ, ಉಕ್ಕೇ ತಪ್ಪಾಗಿದ್ದರೆ ಸರಿಹೋಗುವ ಮಾತೇ ಇಲ್ಲ. ನಾವು ಮಾಡುವುದು ಮಾತ್ರ ಉಲ್ಟಾ. ಬಾಯಿ ಮೊಂಡು ಎಂದ ಕೂಡಲೇ "ಹದ ಸರಿಯಾಗಿಲ್ಲ" ಅಂತ ಕುಲುಮೆ ಹೊತ್ತಿಸುತ್ತೇವೆ. ಶುರುವಿನಲ್ಲಿ ನಾನು ಹೀಗೆ ಮೂರು ಚಾಕುಗಳನ್ನು ಮತ್ತೆ ಕಾಯಿಸಿದ್ದೆ. ಒಂದು ಸೊಟ್ಟಗಾಯಿತು, ಒಂದು ಬಿರುಕು ಬಿಟ್ಟಿತು. ಉಳಿದ ಒಂದರಲ್ಲಿ ಇದ್ದದ್ದು ಬರೀ ಮಸೆತದ ದೋಷ ಅಂತ ಆಮೇಲೆ ಗೊತ್ತಾಯಿತು.

ಪರೀಕ್ಷೆಗೆ ಬೇಕಾದ್ದು ಹೆಚ್ಚೇನಿಲ್ಲ. ಅಕ್ಕಸಾಲಿಗರು ಇಟ್ಟುಕೊಳ್ಳುವಂಥ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಹಲ್ಲು ಸವೆಯದ ಒಂದು ನುಣ್ಣನೆಯ ಅರ, ಬೆರಳಿಗಿಂತ ಸಣ್ಣ ಹಿತ್ತಾಳೆ ಸರಳು, ಒಂದು ಮಾರ್ಕರ್ ಪೆನ್ನು. ಜೊತೆಗೆ ಒಂದೆರಡು ಹಣ್ಣಾದ ಟೊಮೆಟೊ. ಕಾಗದ ಕೊಯ್ದು ತೋರಿಸುವ ಪರೀಕ್ಷೆ ನನಗೆ ಹಿಡಿಸುವುದಿಲ್ಲ. ಅಡುಗೆಮನೆಯಲ್ಲಿ ಯಾರೂ ಕಾಗದ ಹೆಚ್ಚುವುದಿಲ್ಲ. ಟೊಮೆಟೊ ಸಿಪ್ಪೆ, ಬದನೆಕಾಯಿ ಸಿಪ್ಪೆ, ಮೂರನೆಯದಾಗಿ ಕೊತ್ತಂಬರಿ ಸೊಪ್ಪು. ಸೊಪ್ಪು ಜಜ್ಜಿ ಕಪ್ಪಾದರೆ ಬಾಯಿ ಹೋಗಿದೆ ಅಂತಲೇ ಅರ್ಥ.

ಹರಿತವಾಗುತ್ತದೆ, ಆದರೆ ನಿಲ್ಲುವುದಿಲ್ಲ

ಅತಿ ಹೆಚ್ಚು ಬರುವ ದೋಷ ಇದೇ. ಮೊದಲ ದಿನ ಕೂದಲು ಬೋಳಿಸುತ್ತದೆ, ಮೂರನೇ ದಿನ ಈರುಳ್ಳಿಗೂ ಒದ್ದಾಡುತ್ತದೆ.

ಬಾಯಿಯನ್ನು ಮೇಲೆ ಮಾಡಿ ಬಲ್ಬಿನ ಕೆಳಗೆ ಹಿಡಿಯಿರಿ. ಹರಿತ ಇರುವ ಕಡೆ ಬೆಳಕು ಹೊಳೆಯುವುದಿಲ್ಲ, ಯಾಕೆಂದರೆ ಹೊಳೆಯುವುದಕ್ಕೆ ಅಲ್ಲಿ ಅಗಲವೇ ಇರುವುದಿಲ್ಲ. ಮೊಂಡಾದ ಕಡೆ ಬಿಳಿ ಗೆರೆ ಕಾಣುತ್ತದೆ. ಗೆರೆ ಬುಡದಿಂದ ತುದಿವರೆಗೂ ಇದೆಯೋ, ಅಲ್ಲಲ್ಲಿ ಮಾತ್ರ ಇದೆಯೋ ನೋಡಿ ಮಾರ್ಕರಿನಲ್ಲಿ ಗುರುತು ಹಾಕಿ. ಈ ಗುರುತೇ ಮುಂದಿನ ದಾರಿ ಹೇಳುತ್ತದೆ.

ಉದ್ದಕ್ಕೂ ಒಂದೇ ಸಮ ಮೊಂಡಾಗಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಮಸೆಯುವಾಗ ಏಳುವ ಬರ್ರಿನ ಮೇಲೆ. ಕಲ್ಲಿನ ಮೇಲೆ ಒಂದು ಮಗ್ಗುಲು ಉಜ್ಜಿದಾಗ ಇನ್ನೊಂದು ಮಗ್ಗುಲಿಗೆ ಕೂದಲಿಗಿಂತ ತೆಳುವಾದ ಲೋಹದ ಎಳೆ ಮಗುಚಿಕೊಳ್ಳುತ್ತದೆ. ಅದನ್ನು ತೆಗೆಯದೆ ಬಿಟ್ಟರೆ ಹೊಸದರಲ್ಲಿ ಅದೇ ಭರ್ಜರಿಯಾಗಿ ಕೊಯ್ಯುತ್ತದೆ, ಎರಡು ದಿನದಲ್ಲಿ ಮಡಚಿ ಕೂರುತ್ತದೆ. ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹೆಬ್ಬೆರಳನ್ನು ಮೆಲ್ಲಗೆ ಸವರಿದರೆ ಒಂದು ಮಗ್ಗುಲಲ್ಲಿ ಮಾತ್ರ ತಡೆದ ಹಾಗಾಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಎಂದೂ ಸವರಬೇಡಿ, ಅದು ಬೆರಳು ಕೊಯ್ದುಕೊಳ್ಳುವ ದಾರಿ. ನಿವಾರಣೆ: ಸಣ್ಣ ಕಲ್ಲಿನ ಮೇಲೆ ಒಂದು ಸಲ ಆ ಮಗ್ಗುಲು, ಒಂದು ಸಲ ಈ ಮಗ್ಗುಲು, ಚಾಕುವಿನ ಭಾರ ಮಾತ್ರ ಬಿಟ್ಟು ಎಳೆಯಿರಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಹತ್ತು ಹದಿನೈದು ಸಲ ಸವರಿ. ಮೂರು ದಿನ ಬಿಟ್ಟು ಮತ್ತೆ ಟೊಮೆಟೊ ಕೊಯ್ಯಿರಿ. ನನ್ನ ಅಂದಾಜಿನಲ್ಲಿ ಇಲ್ಲಿಗೇ ಅರ್ಧ ಕೇಸುಗಳು ಮುಗಿಯುತ್ತವೆ.

ಮೊಂಡು ಒಂದು ಜಾಗದಲ್ಲಿ ಮಾತ್ರ ಇದ್ದರೆ ಕಥೆ ಬೇರೆ. ಚಿಕ್ಕಮ್ಮನ ಈಳಿಗೆಯಲ್ಲಿ ನಡು ಬಾಗಿನ ಮೂರು ಅಂಗುಲ ಹೋಗಿತ್ತು. ಅರ ತಗೊಂಡು ಬುಡದ ಹತ್ತಿರ ಎಳೆದೆ, ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ತುದಿಯ ಹತ್ತಿರವೂ ಹಾಗೇ. ನಡುವೆ ಎಳೆದಾಗ ಮಾತ್ರ ಕಚ್ಚಿತು, ಬೆಳ್ಳಿ ಪುಡಿ ಬಿತ್ತು. ಅಂದರೆ ಅಲ್ಲಿ ಗಡಸುತನ ಇಳಿದಿದೆ. ಒಂದೇ ಕುಲುಮೆ, ಒಂದೇ ಎಣ್ಣೆ, ಒಂದೇ ಓವನ್ನಿನ ಹದ, ನಡುವೆ ಮಾತ್ರ ಹೇಗೆ ಇಳಿಯುತ್ತದೆ? ಸಾಣೆಯಲ್ಲಿ ಸುಟ್ಟಿದೆ, ಅಷ್ಟೇ. ಈಳಿಗೆಯ ಒಳಬಾಗು ಬೆಲ್ಟ್ ಗ್ರೈಂಡರಿಗೆ ಸಿಗುವುದಿಲ್ಲ ಅಂತ ಆಂಗಲ್ ಗ್ರೈಂಡರಿನಲ್ಲಿ ಫ್ಲ್ಯಾಪ್ ಡಿಸ್ಕ್ (ಮರಳುಕಾಗದದ ಪಟ್ಟಿಗಳ ಚಕ್ರ) ಹಾಕಿ ಹೊಡೆದಿದ್ದೆ. ಬಾಯಿಯ ಅಂಚು ಕಾಗದದಷ್ಟು ತೆಳು, ಶಾಖ ಓಡಿಹೋಗಲು ಜಾಗ ಇಲ್ಲ, ಕಣ್ಣು ಮಿಟುಕಿಸುವುದರೊಳಗೆ ನೀಲಿ ಬಣ್ಣ ಬಂದಿರಬೇಕು. ನೀಲಿ ಬಂತೆಂದರೆ ಅಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, 200ಕ್ಕೆ ನಿಲ್ಲಿಸಿ ತಂದ ಹದ ಅಲ್ಲಿಗೆ ಹೋಯಿತು. ಆಮೇಲೆ ಪಾಲಿಶ್ ಮಾಡಿದಾಗ ನೀಲಿ ಅಳಿಸಿಹೋಗಿದೆ, ದೋಷ ಉಳಿದಿದೆ.

ನಿವಾರಣೆಗೆ ಕುಲುಮೆ ಬೇಕಾಗಲಿಲ್ಲ. ಸುಟ್ಟದ್ದು ಅಂಚಿನ ಒಂದೂವರೆ ಮಿಲಿಮೀಟರು ಮಾತ್ರ. ಅರ್ಧಚಂದ್ರ ಅರ ಅಲ್ಲಿ ಕಚ್ಚುತ್ತಿತ್ತಲ್ಲ, ಅದರಿಂದಲೇ ಮೃದು ಭಾಗ ಉಜ್ಜಿ ತೆಗೆದೆ. ಅರ ಜಾರಲು ಶುರುವಾದ ಕೂಡಲೇ ಗಟ್ಟಿ ಉಕ್ಕು ಸಿಕ್ಕಿತು ಅಂತ ತಿಳಿಯಿತು. ಉಳಿದ ಬಾಗನ್ನು ಅದಕ್ಕೆ ಹೊಂದುವಂತೆ ದುಂಡು ಕೋಲಿಗೆ ಮರಳುಕಾಗದ ಸುತ್ತಿ, ನೀರು ಹಾಕಿ ಕೈಯಲ್ಲೇ ಸವೆಸಿದೆ. ಒಂದಿಡೀ ಸಂಜೆ ಹಿಡಿಯಿತು. ಈಗ ಹದ ಆದಮೇಲೆ ಆಂಗಲ್ ಗ್ರೈಂಡರ್ ಮುಟ್ಟುವುದಿಲ್ಲ. ಬೆಲ್ಟಿನಲ್ಲಿ ಹಿಡಿಯುವಾಗಲೂ ಒಂದೊಂದು ಎಳೆತಕ್ಕೂ ನೀರಿಗೆ ಅದ್ದುತ್ತೇನೆ. ಅಲಗಿನ ಮೇಲಿನ ನೀರಿನ ಹನಿ ಚುರ್ ಎನ್ನುವ ಮುಂಚೆಯೇ ಅದ್ದಬೇಕು.

ನೀವು ಸುಡದಿದ್ದರೂ ಬೇರೆಯವರು ಸುಟ್ಟಿರಬಹುದು. ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಬೀದಿಯಲ್ಲಿ ಸಾಣೆ ಹಿಡಿಯುವವರು ಬರುತ್ತಾರಲ್ಲ, ಬಹಳ ಜನ ನೀರಿಲ್ಲದೆ ಒಣ ಚಕ್ರಕ್ಕೆ ಹಿಡಿಯುತ್ತಾರೆ. ಕಿಡಿ ಹಾರುವುದು ನೋಡಲು ಚೆಂದ. "ಯಾರಿಗಾದರೂ ಸಾಣೆಗೆ ಕೊಟ್ಟಿದ್ರಾ?" ಅಂತ ಕೇಳದೆ ನಿಮ್ಮ ಹದವನ್ನು ನೀವೇ ಬೈದುಕೊಳ್ಳಬೇಡಿ.

ಇನ್ನೊಂದು ಮೋಸ ಇದೆ. ಅರ ಎಲ್ಲ ಕಡೆಯೂ ಕಚ್ಚುತ್ತದೆ, ಆದರೆ ನಾಲ್ಕು ಸಲ ಎಳೆದಮೇಲೆ ಜಾರತೊಡಗುತ್ತದೆ. ಹಾಗಾದರೆ ಒಳಗೆ ಉಕ್ಕು ಗಟ್ಟಿಯಾಗಿಯೇ ಇದೆ. ಬೆಂಕಿಯಲ್ಲಿ ಹೆಚ್ಚು ಹೊತ್ತು ಇದ್ದದ್ದರಿಂದ ಮೇಲ್ಪದರದ ಇಂಗಾಲ ಉರಿದುಹೋಗಿ ತೆಳ್ಳನೆಯ ಮೆತ್ತನೆ ಸಿಪ್ಪೆ ಉಳಿದಿದೆ. ಆ ಸಿಪ್ಪೆ ಸವೆಸಿದರೆ ಸಾಕು. ಇದನ್ನು ಹದದ ದೋಷ ಅಂದುಕೊಂಡು ಮತ್ತೆ ಕಾಯಿಸಿದರೆ ಸಿಪ್ಪೆ ಇನ್ನೂ ದಪ್ಪಗಾಗುತ್ತದೆ.

ಎಷ್ಟು ಸವೆಸಿದರೂ ಅರ ಬೆಣ್ಣೆಯಂತೆ ಕಚ್ಚುತ್ತಲೇ ಇದ್ದರೆ ಆಗ ಮಾತ್ರ ಕುಲುಮೆಯ ಕಡೆ ತಿರುಗಿ. ಅಲ್ಲೂ ಮೊದಲು ಕೇಳಿಕೊಳ್ಳಬೇಕಾದದ್ದು, ಎಷ್ಟು ಕಾದಿತ್ತು ಅಂತ. ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಬಣ್ಣ ನೋಡಿ ಅಂದಾಜು ಮಾಡಿದ್ದರೆ ಅದು ತಪ್ಪಿಯೇ ತಪ್ಪುತ್ತದೆ. ಹಳೇ ಕುಲುಮೆಗಳು ಯಾಕೆ ಕತ್ತಲು ಕತ್ತಲು ಅಂತ ನನಗೆ ಗೊತ್ತಾದದ್ದು ಆಗಲೇ. ಉಕ್ಕು ಸುಮಾರು 770 ಡಿಗ್ರಿಗೆ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲೇ ತೆಗೆದು ಎಣ್ಣೆಗೆ ಹಾಕಿದರೆ ಕಮಾನ್ ಪಟ್ಟಿಗೆ ಸಾಲದು, ಇನ್ನೊಂದು ಮೆಟ್ಟಿಲು ಮೇಲೆ, 820–840ರ ಹತ್ತಿರ ಹೋಗಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಅಡುಗೆ ಉಪ್ಪಿದೆ. ಅದು 801 ಡಿಗ್ರಿಗೆ ಕರಗುತ್ತದೆ. ಕಾದ ಅಲಗಿನ ಮೇಲೆ ನಾಲ್ಕು ಹರಳು ಒಣ ಉಪ್ಪು ಹಾಕಿ, ಕರಗಿ ನೀರಾದರೆ ಹತ್ತಿರ ಬಂದಿರಿ ಅಂತ. ಎರಡನೆಯದು ಎಣ್ಣೆ. ಕಡಲೆಕಾಯಿ ಎಣ್ಣೆ ಸಾಕು, ಆದರೆ 50–60 ಡಿಗ್ರಿಗೆ ಬೆಚ್ಚಗೆ ಮಾಡಿರಬೇಕು. ತಣ್ಣಗಿನ ಎಣ್ಣೆ ಮಂದ, ಅಲಗಿನ ಸುತ್ತ ಬೇಗ ಓಡಾಡುವುದಿಲ್ಲ. ಸೇರು ಎಣ್ಣೆಯಲ್ಲಿ ಮೊಳದುದ್ದದ ಕತ್ತಿ ಅದ್ದುವ ಜಿಪುಣತನ ಬೇಡ, ಮೂರು ನಾಲ್ಕು ಲೀಟರ್ ಇರಲಿ. ಪಾತ್ರೆಗೆ ಕಬ್ಬಿಣದ ಮುಚ್ಚಳ ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಎಣ್ಣೆ ಹೊತ್ತಿಕೊಂಡರೆ ಮುಚ್ಚಬೇಕು, ನೀರು ಹಾಕಲೇಬಾರದು. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಬಳಸುವವರಿದ್ದಾರೆ. ಅದರ ಹೊಗೆಯೂ ಕೆಟ್ಟದ್ದು, ಊಟಕ್ಕೆ ತಾಗುವ ಅಲಗಿಗೆ ಅದು ಬೇಕಾಗಿಯೂ ಇಲ್ಲ. ಮೂರನೆಯದು ದೂರ. ತೆಳು ಅಲಗು ಬೆಂಕಿಯಿಂದ ಹೊರಬಂದ ಒಂದೆರಡು ಸೆಕೆಂಡಿನಲ್ಲಿ ಬಣ್ಣ ಇಳಿಸಿಬಿಡುತ್ತದೆ. ಎಣ್ಣೆ ಒಂದೇ ಹೆಜ್ಜೆಯಲ್ಲಿ ಸಿಗಬೇಕು.

ಬಾಯಿ ಮುಕ್ಕಾಗುತ್ತಿದೆ

ಭೂತಗನ್ನಡಿಯಲ್ಲಿ ನೋಡಿ. ಅಂಚು ಒಂದು ಕಡೆಗೆ ಮಗುಚಿದ್ದರೆ ಮೆದು, ಅರ್ಧಚಂದ್ರದ ಹಾಗೆ ಕಿತ್ತುಹೋಗಿದ್ದರೆ ಗಡಸು ಹೆಚ್ಚಾಗಿದೆ. ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಒಂದಕ್ಕೊಂದು ವಿರುದ್ಧ. ಅನುಮಾನವಿದ್ದರೆ ಹಿತ್ತಾಳೆ ಸರಳಿನ ಮೇಲೆ ಬಾಯಿಯನ್ನು ಮಸೆಯುವ ಓರೆಯಲ್ಲೇ ಇಟ್ಟು ಮೆಲ್ಲಗೆ ಒತ್ತಿ. ಅಂಚು ಸ್ವಲ್ಪ ಉಬ್ಬಿ, ಬಿಟ್ಟಾಗ ವಾಪಸು ಬಂದರೆ ಹದ ಸರಿ. ಉಬ್ಬಿದ್ದು ಹಾಗೇ ನಿಂತರೆ ಮೆದು. ಚೂರು ಹಾರಿದರೆ ಗಡಸು.

ಗಡಸಾಗಿದ್ದರೆ ಹದ ಸಾಲದೆ ಬಂದಿದೆ. ಮನೆಯ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 200 ಡಿಗ್ರಿಗೆ ಎರಡೆರಡು ಗಂಟೆ ಎರಡು ಸಲ ಇಡುವುದು ವಾಡಿಕೆ. ಓಟಿಜಿಯ ಗುಂಡಿ ಹೇಳುವ ಲೆಕ್ಕವನ್ನು ನಂಬಬೇಡಿ. ನನ್ನದರಲ್ಲಿ 200 ಅಂದರೆ ಒಳಗೆ 165 ಇತ್ತು. ಎರಡು ವರ್ಷ ಮಾಡಿದ ಚಾಕುಗಳೆಲ್ಲ ಯಾಕೆ ಮುಕ್ಕಾಗುತ್ತಿದ್ದವು ಅಂತ ತಿಳಿದದ್ದು ಒಳಗಿಡುವ ಸಣ್ಣ ಥರ್ಮಾಮೀಟರ್ ತಂದಮೇಲೆ. ಉಜ್ಜಿ ಬೆಳ್ಳಗೆ ಮಾಡಿದ ಅಲಗಾದರೆ ಬಣ್ಣವೂ ಹೇಳುತ್ತದೆ. ಒಣಹುಲ್ಲಿನ ತಿಳಿ ಹಳದಿ ಬಂದರೆ ಚಾಕುವಿಗೆ ಸರಿ, ಕಂದು ಬಂದರೆ ಕತ್ತಿಗೆ ಸರಿ.

ಹದ ಸರಿಯಿದ್ದೂ ಮುಕ್ಕಾದರೆ ಉಕ್ಕಿನ ಕಣ ದಪ್ಪಗಾಗಿರಬೇಕು. ಹೆಚ್ಚು ಕಾಯಿಸಿ, ಬಿಳಿ ಹೊಳಪು ಬರುವವರೆಗೆ ಬೆಂಕಿಯಲ್ಲಿ ಮರೆತುಬಿಟ್ಟರೆ ಹೀಗಾಗುತ್ತದೆ. ಅದೇ ಪಟ್ಟಿಯ ಒಂದು ತುಂಡನ್ನು ಅದೇ ರೀತಿ ಕಾಯಿಸಿ, ಎಣ್ಣೆಗೆ ಅದ್ದಿ, ವೈಸಿನಲ್ಲಿ ಕಚ್ಚಿಸಿ, ಬಟ್ಟೆ ಮುಚ್ಚಿ, ಕನ್ನಡಕ ಹಾಕಿಕೊಂಡು ಮುರಿಯಿರಿ. ಮುರಿದ ಮುಖ ಬೂದಿಯ ಹಾಗೆ ನುಣ್ಣಗಿದ್ದರೆ ಒಳ್ಳೆಯದು, ಬನ್ಸಿ ರವೆ ಹಾಗೆ ಮಿನುಗಿದರೆ ಕಣ ಬೆಳೆದಿದೆ. ಆಯಸ್ಕಾಂತ ಬಿಡುವ ಹಂತ ಸ್ವಲ್ಪ ದಾಟುವವರೆಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಡಿ, ಹೀಗೆ ಮೂರು ಸಲ, ಸಲಸಲಕ್ಕೂ ಶಾಖ ಸ್ವಲ್ಪ ಇಳಿಸುತ್ತ. ಆಮೇಲೆ ಎಣ್ಣೆ, ಆಮೇಲೆ ಹದ. ಈ ಕೇಸಿನಲ್ಲೂ ಮತ್ತೆ ಕುಲುಮೆ ಹೊತ್ತಿಸದೆ ಗತಿಯಿಲ್ಲ.

ಇಷ್ಟೆಲ್ಲ ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: "ಇದರಲ್ಲಿ ಕಾಯಿ ಒಡೀತೀರಾ?" ನಮ್ಮ ಮನೆಗಳಲ್ಲಿ ತೆಂಗಿನಕಾಯಿ ಒಡೆಯುವುದು ಕತ್ತಿಯ ಬೆನ್ನಿನಲ್ಲಿ. ಉಡುಗೊರೆ ಕತ್ತಿಯೂ ಅದಕ್ಕೆ ತಪ್ಪಿಸಿಕೊಳ್ಳುವುದಿಲ್ಲ, ನೀವು ಎಷ್ಟೇ ಬೇಡಿಕೊಂಡರೂ. ಬೆನ್ನಿನವರೆಗೂ ಗಡಸು ಮಾಡಿದ ತೆಳು ಅಲಗು ಅಂಥ ಪೆಟ್ಟಿಗೆ ಎರಡು ತುಂಡಾದೀತು. ಹಾಗಾಗಿ ಕತ್ತಿಯಂಥದ್ದು ಮಾಡುವಾಗ ಬಾಯಿಯ ಕಡೆಯ ಅರ್ಧವನ್ನಷ್ಟೇ ಎಣ್ಣೆಗೆ ಅದ್ದಿ, ಬೆನ್ನು ಮೆದುವಾಗಿ ಉಳಿಯಲಿ. ಗ್ರಾನೈಟ್ ಸ್ಲ್ಯಾಬಿನ ಮೇಲೇ ಇಟ್ಟು ಹೆಚ್ಚುವವರ ಮನೆಗೆ ಕೊಟ್ಟಿದ್ದರೆ ಅಲಗಿನಲ್ಲಿ ದೋಷ ಹುಡುಕುವುದು ಬಿಟ್ಟು ಒಂದು ಮರದ ಹಲಗೆಯನ್ನೂ ಕೊಡಿ.

ಗಡಸೂ ಅಲ್ಲ, ಮೆದುವೂ ಅಲ್ಲ, ಸುಮ್ಮನೆ ಕೊಯ್ಯುವುದಿಲ್ಲ

ಹರಿತ ಇದೆ, ಆದರೂ ಕ್ಯಾರೆಟ್ ಕೊಯ್ದರೆ ಸೀಳಿದ ಹಾಗೆ ಚಟ್ ಎನ್ನುತ್ತದೆ. ಅಂಚಿನ ಹಿಂದೆ ಅಲಗು ದಪ್ಪ. ಹೊಸಬರು ಅಂಚು ಸುಡುವ ಹೆದರಿಕೆಗೆ ದಪ್ಪ ಬಿಟ್ಟಿರುತ್ತಾರೆ. ಮಸೆಯುವ ಮುನ್ನ ಅಂಚು ಚಾಕುವಿಗೆ ಅರ್ಧ ಮಿಲಿಮೀಟರಿಗಿಂತ ತೆಳುವಾಗಿರಬೇಕು. ನೀರಿಟ್ಟುಕೊಂಡು ಸಾಣೆಗೆ ವಾಪಸು ಹೋಗಿ. ಮಸೆಯುವ ಓರೆ ಒಂದೊಂದು ಮಗ್ಗುಲಿಗೆ 15ರಿಂದ 20 ಡಿಗ್ರಿ.

ಸೊಟ್ಟ ಆಗಿದ್ದರೆ? ಎಣ್ಣೆಯಿಂದ ತೆಗೆದ ಕೂಡಲೇ, ಇನ್ನೂ ಕೈ ಮುಟ್ಟಲಾರದಷ್ಟು ಬಿಸಿ ಇದ್ದಾಗ ಎರಡು ಮರದ ತುಂಡಿನ ನಡುವೆ ಒತ್ತಿದರೆ ನೆಟ್ಟಗಾಗುತ್ತದೆ. ಆ ಗಳಿಗೆ ತಪ್ಪಿದರೆ ದಪ್ಪ ಕಬ್ಬಿಣದ ಪಟ್ಟಿಗೆ ಕ್ಲಾಂಪ್ ಹಾಕಿ, ಸೊಟ್ಟದ ಎದುರು ಕಡೆಗೆ ಸ್ವಲ್ಪ ಹೆಚ್ಚೇ ಬಾಗಿಸಿ ಓವನ್ನಿನಲ್ಲಿ ಹದಕ್ಕಿಡಿ. ತಣ್ಣಗಾದ ಅಲಗಿಗೆ ಸುತ್ತಿಗೆ ಪೆಟ್ಟು ಬೇಡ.

ಅದ್ದಿದಾಗ ಟಿಣ್ ಅಂತ ಸದ್ದು ಕೇಳಿದಿರಾ? ಆ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಬಿರುಕು. ನೀರಿಗೆ ಅದ್ದಿದ್ದರೆ ಇದು ಇನ್ನೂ ಸಾಮಾನ್ಯ. ಕಮಾನ್ ಪಟ್ಟಿಗೆ ಇನ್ನೊಂದು ಕಾಯಿಲೆಯೂ ಇದೆ. ಲಾರಿಯ ಅಡಿಯಲ್ಲಿ ವರ್ಷಗಟ್ಟಲೆ ಬಾಗಿ ಬಾಗಿ ಅದು ಗುಜರಿಗೆ ಬರುವ ಮೊದಲೇ ಒಳಗೊಳಗೆ ಕೂದಲೆಳೆಯ ಬಿರುಕು ಹೊತ್ತಿರುತ್ತದೆ. ಪತ್ತೆ ಸುಲಭ. ತುಕ್ಕು ತೆಗೆದು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ ಇಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬಿರುಕು ಬಿಟ್ಟದ್ದಕ್ಕೆ ಮದ್ದಿಲ್ಲ. ಎಷ್ಟು ಚೆಂದ ಬಂದಿದ್ದರೂ ಗುಜರಿಗೆ. ಇನ್ನೊಬ್ಬರ ಬೆರಳಿನ ಹತ್ತಿರ ಇರುವ ವಸ್ತು ಅದು.

ಏನು ಮಾಡಿದರೂ ಗಡಸಾಗದಿದ್ದರೆ ನೀವು ತಂದದ್ದು ಉಕ್ಕೇ ಅಲ್ಲ. ಕನ್ನಡದಲ್ಲಿ ಕಬ್ಬಿಣ, ಉಕ್ಕು ಅಂತ ಎರಡು ಮಾತು ಇರುವುದು ಸುಮ್ಮನಲ್ಲ. ಇಲ್ಲಿಯ ಮೂಸೆ ಉಕ್ಕನ್ನು ಪರದೇಶದವರು ವೂಟ್ಜ್ ಅಂತ ಕರೆದ ಹೆಸರು ನಮ್ಮ "ಉಕ್ಕು" ಶಬ್ದದಿಂದಲೇ ಹೋದದ್ದು ಅಂತ ಹೇಳುವುದುಂಟು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಯವರು ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ವ್ಯತ್ಯಾಸವೆಲ್ಲ ಇಂಗಾಲದ್ದು. ಕಿಟಕಿ ಸರಳಿಗೆ ಬಳಸುವ ಎಂ.ಎಸ್. (ಮೈಲ್ಡ್ ಸ್ಟೀಲ್) ಕಬ್ಬಿಣದಲ್ಲಿ ಅದು ಸುಮಾರು 0.2 ಶೇಕಡಾ, ಕಮಾನ್ ಪಟ್ಟಿಯಲ್ಲಿ 0.5–0.6, ಬೇರಿಂಗಿನ ಉಕ್ಕಿನಲ್ಲಿ 1ರ ಹತ್ತಿರ. ಗ್ರೈಂಡರಿಗೆ ಹಿಡಿದು ಕಿಡಿ ನೋಡಿ: ಎಂ.ಎಸ್. ಆದರೆ ಉದ್ದ ಉದ್ದ ಸರಳ ಗೆರೆ, ಉಕ್ಕಾದರೆ ಸುರ್‌ಸುರ್‌ಬತ್ತಿಯ ಹಾಗೆ ತುದಿಯಲ್ಲಿ ಕವಲೊಡೆದು ಹೂವಾಗುತ್ತದೆ. ಈ ಪರೀಕ್ಷೆ ಗುಜರಿ ಅಂಗಡಿಯಲ್ಲೇ ಮಾಡಿದರೆ ಒಂದು ತಿಂಗಳ ಭಾನುವಾರಗಳು ಉಳಿಯುತ್ತವೆ. ಸತು ಬಳಿದ ಕಬ್ಬಿಣವನ್ನಂತೂ ಬೆಂಕಿಗೆ ಹಾಕಬೇಡಿ, ಹೊಗೆ ಜ್ವರ ತರಿಸುತ್ತದೆ.

ಈಳಿಗೆಮಣೆಗೇ ಇರುವ ರೋಗಗಳು

ಚಾಕುವಿನಲ್ಲಿ ಕೈ ಓಡಾಡುತ್ತದೆ, ಅಲಗೂ ಜೊತೆಗೇ ಹೋಗುತ್ತದೆ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಹಿಡಿದ ಎರಡೂ ಕೈ ಅದರ ಕಡೆಗೆ ಹೋಗುತ್ತವೆ. ಆದ್ದರಿಂದ ಅಲುಗಾಟ ಅನ್ನುವುದು ಇಲ್ಲಿ ಬರೀ ಕಿರಿಕಿರಿಯಲ್ಲ, ಅಪಾಯ. ಚಿಕ್ಕಮ್ಮ ಅದನ್ನು ಮೂಲೆಗಿಟ್ಟ ಅಸಲು ಕಾರಣ ಇದೇ ಅಂತ ನನ್ನ ನಂಬಿಕೆ, ಟೊಮೆಟೊ ಅಲ್ಲ.

ಅಲುಗಾಟ ಎಲ್ಲಿಯದು ಅಂತ ಮೊದಲು ಬೇರೆ ಮಾಡಿಕೊಳ್ಳಿ. ಮಣೆಯನ್ನು ಸಮನೆಲದ ಮೇಲಿಟ್ಟು ನಾಲ್ಕು ಮೂಲೆ ಒತ್ತಿ. ಲೊಟಕ್ ಎಂದರೆ ಮಣೆ ತಿರುಚಿದೆ, ಅಂದರೆ ಮರ ಪೂರ್ತಿ ಒಣಗಿರಲಿಲ್ಲ. ಅಡಿಯಲ್ಲಿ ಮೂರೇ ಕಾಲು ಕೊಟ್ಟರೆ ಯಾವ ನೆಲದಲ್ಲೂ ಕೂರುತ್ತದೆ, ಆದರೆ ಕೂತು ಒತ್ತುವಾಗ ಪಕ್ಕಕ್ಕೆ ವಾಲುವ ಭಯ. ನಾನು ಅಡಿಯನ್ನು ತೋಪಡ ಹೊಡೆದು ಸಮ ಮಾಡಿ, ರಬ್ಬರ್ ಅಂಟಿಸುತ್ತೇನೆ. ಮಣೆ ಗಟ್ಟಿಯಾಗಿದ್ದು ಅಲಗು ಮಾತ್ರ ಆಡುತ್ತಿದ್ದರೆ ಮಡಚುವ ಜಾಗದ ರಿವೆಟ್ ನೋಡಿ. ನನ್ನದರಲ್ಲಿ ರಿವೆಟ್ ತೂತು ಮೊಟ್ಟೆಯಾಕಾರವಾಗಿತ್ತು. ಸಣ್ಣ ರಿವೆಟ್ಟಿಗೆ ದೊಡ್ಡ ತೂತು ಕೊರೆದಿದ್ದೆ, ಆ ಸಡಿಲವೇ ದಿನದಿನಕ್ಕೆ ಉಜ್ಜಿ ಹಿಗ್ಗಿತು. ತೂತನ್ನು ದುಂಡಗೆ ಮಾಡಿ, ಅದಕ್ಕೆ ಬಿಗಿಯಾಗಿ ಕೂರುವ ದಪ್ಪ ರಿವೆಟ್ ಹಾಕಿ, ಎರಡೂ ಕಡೆ ಹಿತ್ತಾಳೆ ವಾಷರ್ ಕೊಟ್ಟು ತಟ್ಟಿದೆ. ಬಿಡಿಸಿ ನಿಲ್ಲಿಸಿದಾಗ ಅಲಗಿನ ಬುಡ ಒಂದು ತಡೆಗೆ ಬಂದು ಒರಗಬೇಕು. ಬರೀ ರಿವೆಟ್ ಬಿಗಿಯ ಮೇಲೆ ನಿಂತ ಅಲಗನ್ನು ನಂಬಬಾರದು.

ಅಲಗನ್ನು ಮಣೆಗೆ ಕೂರಿಸಿದ ಸ್ಕ್ರೂ ಜಾಗದಲ್ಲಿ ಮರ ಸೀಳಿದೆಯೋ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಹಿಗ್ಗಿದ ಹಲಗೆ ಬಳ್ಳಾರಿಯ ಬೇಸಿಗೆಯಲ್ಲಿ ಅಡ್ಡಕ್ಕೆ ಕುಗ್ಗುತ್ತದೆ. ಕಬ್ಬಿಣ ಕುಗ್ಗುವುದಿಲ್ಲ. ಅಲಗು ಕೂರಿಸಿದ ತಗಡಿನ ಸ್ಕ್ರೂ ತೂತನ್ನು ಅಡ್ಡಕ್ಕೆ ಸ್ವಲ್ಪ ಉದ್ದ ಮಾಡಿದರೆ ಮರ ತನ್ನ ಪಾಡಿಗೆ ತಾನು ಆಡಿಕೊಳ್ಳುತ್ತದೆ.

ಇನ್ನು ತುರಿಯುವ ಹಲ್ಲು. ನಾವು ಹೊಸಬರು ಹಲ್ಲನ್ನೂ ಚಾಕುವಿನಂತೆ ಹರಿತ ಮಾಡಿಬಿಡುತ್ತೇವೆ. ಅದು ತಿರುಳನ್ನು ತುರಿಯುವುದಿಲ್ಲ, ಕೆತ್ತುತ್ತದೆ. ಚಿಪ್ಪಿನವರೆಗೂ ಇಳಿದು ಕಂದು ಸಿಪ್ಪೆ ತರುತ್ತದೆ, ಚಟ್ನಿಯ ಬಣ್ಣ ಕೆಡುತ್ತದೆ. ಹಲ್ಲಿನ ತುದಿಗಳು ಒಂದೇ ಎತ್ತರದ ಬಾಗಿನಲ್ಲಿ ಇವೆಯೋ ನೋಡಲು ಮಾರ್ಕರ್ ಬಳಿದು ಚಿಪ್ಪಿನ ಒಳಮೈಗೆ ಒಮ್ಮೆ ಆಡಿಸಿ. ಬಣ್ಣ ಅಳಿಸಿದ ಹಲ್ಲುಗಳೇ ಎದ್ದು ನಿಂತವು, ಅವನ್ನು ಅರದಿಂದ ತಗ್ಗಿಸಿ, ಎಲ್ಲದರ ತುದಿಯನ್ನೂ ಮರಳುಕಾಗದದಲ್ಲಿ ಒಂದಿಷ್ಟು ದುಂಡಗೆ ಮಾಡಿ. ಅರ ಅಲ್ಲಿ ಜಾರುತ್ತಿದ್ದರೆ ಹಲ್ಲು ಅತಿ ಗಡಸು, ಒಂದು ದಿನ ಮುರಿದು ತುರಿಯೊಳಗೆ ಸೇರೀತು. ಅಲಗಿಗೆ ಒದ್ದೆ ಬಟ್ಟೆ ದಪ್ಪಗೆ ಸುತ್ತಿ, ಹಲ್ಲಿನ ತುದಿಯನ್ನಷ್ಟೇ ಗ್ಯಾಸ್ ಟಾರ್ಚಿನಲ್ಲಿ ನೀಲಿ ಬರುವವರೆಗೆ ಕಾಯಿಸಿ ಬಿಡಿ. ಬಾಯಿಗೆ ಶತ್ರುವಾದ ಅದೇ ನೀಲಿ ಹಲ್ಲಿಗೆ ಬೇಕಾದ ಹದ.

ಕಪ್ಪು, ಕೆಂಪು, ಸಡಿಲ ಹಿಡಿ

"ಬಾಳೆಕಾಯಿ ಹೆಚ್ಚಿದರೆ ಕಪ್ಪಾಗುತ್ತೆ" ಅನ್ನುವುದು ದೋಷವಲ್ಲ. ಬಾಳೆಕಾಯಿ, ಬಾಳೆಹೂವು, ಮಾವಿನಕಾಯಿಯ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ಹುಟ್ಟುತ್ತದೆ. ಸ್ಟೀಲ್ ಚಾಕು ನೋಡಿ ಬೆಳೆದವರಿಗೆ ಇದು ಹೇಳದಿದ್ದರೆ ಅಲಗು ಕೆಟ್ಟಿತು ಅಂದುಕೊಳ್ಳುತ್ತಾರೆ. ಅಲಗಿನ ಮೇಲೆ ನಿಂತ ಬೂದು-ನೀಲಿ ಬಣ್ಣ ಇರಲಿ, ಅದು ತಕ್ಕಮಟ್ಟಿಗೆ ಕಾಯುತ್ತದೆ. ಬೆರಳಿಗೆ ಹತ್ತುವ ಕೆಂಪು ಮಾತ್ರ ತುಕ್ಕು. ಸಿಂಕಿನಲ್ಲಿ ರಾತ್ರಿಯಿಡೀ ಬಿಟ್ಟಿರುತ್ತಾರೆ, ಅಷ್ಟೇ. ಬೂದಿ ಹಚ್ಚಿ ಕಾರ್ಕಿನಲ್ಲಿ ಉಜ್ಜಿ, ಒಲೆಯ ಹತ್ತಿರ ಒಣಗಿಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಸುರಿಯಬೇಡಿ, ಕಮಟು ವಾಸನೆ ಬರುತ್ತದೆ.

ಹಿಡಿ ಸಡಿಲವಾದದ್ದು ಬಹುಪಾಲು ಹಸಿ ಮರದಿಂದ. ಹಳೇ ಕ್ರಮದಂತೆ ಅರಗು ಕಾಯಿಸಿ ಕೂರಿಸಿದ್ದರೆ ಹಿಡಿಯೊಳಗೆ ಹೋಗುವ ಅಲಗಿನ ಬಾಲವನ್ನು ಬಿಸಿ ಮಾಡಿ ಕಿತ್ತು, ಮತ್ತೆ ಕೂರಿಸುವುದು ಐದು ನಿಮಿಷದ ಕೆಲಸ. ಎಪಾಕ್ಸಿ ಹಾಕಿದ್ದರೆ ಬಹುಪಾಲು ಹಿಡಿ ಒಡೆದೇ ತೆಗೆಯಬೇಕಾಗುತ್ತದೆ. ಬಿಸಿ ಮಾಡುವಾಗ ಬಾಯಿಯನ್ನು ನೀರಿನಲ್ಲಿ ಮುಳುಗಿಸಿಡಿ, ಇಲ್ಲವಾದರೆ ಹಿಡಿ ಸರಿಹೋಗಿ ಹದ ಹೋಗುತ್ತದೆ.

ಕೊಟ್ಟದ್ದನ್ನು ವಾಪಸು ತರುವುದು ಅಪಶಕುನ ಅನ್ನುವವರಿದ್ದಾರೆ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಅಂತಲೂ ನಮ್ಮಲ್ಲಿ ಹೇಳುತ್ತಾರೆ. ಹಾಗಾಗಿ ರಿಪೇರಿಯಾದ ಈಳಿಗೆಮಣೆಯನ್ನು ಚಿಕ್ಕಮ್ಮನ ಅಡುಗೆಮನೆಯ ನೆಲದ ಮೇಲಿಟ್ಟೆ, ಅವರು ಎತ್ತಿಕೊಂಡರು. ಒಂದು ರೂಪಾಯಿ ನಾಣ್ಯವನ್ನೂ ಕೊಟ್ಟರು, ಯಾಕೋ ಏನೋ. ಟೊಮೆಟೊ ತರಲಿಲ್ಲ, ಬದಲಿಗೆ ಒಂದು ಬಾಳೆದಿಂಡು ಇಟ್ಟುಕೊಂಡು ಕೂತು, ಅಲಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿ ನೋಡಿ, ಮಾತಿಲ್ಲದೆ ಹೆಚ್ಚತೊಡಗಿದರು.

ನಾಲ್ಕು ತಿಂಗಳಾದಮೇಲೆ ಒಂದು ಬೆಳಗ್ಗೆ ಫೋನು ಬಂತು. "ಏನೋ ನಿನ್ನ ಈಳಿಗೆಮಣೆ, ಬಾಯಿ ಮೊಂಡಾಗಿ ಕೂತಿದೆ. ನಾಡಿದ್ದು ಹಬ್ಬ. ಬಂದು ಮಸೆದುಕೊಟ್ಟು ಹೋಗು."